ಡಿಸೈನ್ ಕಲಿಸುವವರು ಕರಾರು ಬರೆಯುವುದನ್ನೂ ಕಲಿಸಲಿ

ಸಂಪಾದಕರಿಗೆ,

ಮಾನ್ಯರೇ,

ದಸರಾ ಹತ್ತಿರ ಬಂತೆಂದರೆ ಮೈಸೂರಿನಲ್ಲಿ ಗ್ರಾಫಿಕ್ ಡಿಸೈನ್ ಮಾಡುವವರ ಫೋನಿಗೆ ಬಿಡುವಿರುವುದಿಲ್ಲ. ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಯಿಂದ ಹಿಡಿದು ಬಡಾವಣೆಯ ಬೇಕರಿಯವರೆಗೆ ಎಲ್ಲರಿಗೂ ಆಫರ್ ಪೋಸ್ಟರ್, ಕರಪತ್ರ, ಇನ್‌ಸ್ಟಾಗ್ರಾಂಗೆ ಹಾಕುವ ಚಿತ್ರ ಬೇಕು, ಅದೂ ನಾಳೆ ಬೆಳಿಗ್ಗೆಯೊಳಗೆ ಬೇಕು. ಕಾಲೇಜು ಮುಗಿಸಿ, ನೌಕರಿಗೆ ಸೇರದೆ ಸ್ವಂತವಾಗಿ ಈ ಕೆಲಸ ಮಾಡಿಕೊಂಡಿರುತ್ತೇವೆ ಎಂದು ನಿರ್ಧರಿಸಿದ ಹುಡುಗ ಹುಡುಗಿಯರಿಗೆ ಮೊದಲ ಗಿರಾಕಿಗಳು ಸಿಗುವುದೂ ಹೆಚ್ಚಾಗಿ ಈ ದಿನಗಳಲ್ಲೇ. ಹಣ ಮಾತ್ರ ‘ಹಬ್ಬ ಕಳೀಲಿ’ ಎಂದು ದೀಪಾವಳಿಗೆ, ದೀಪಾವಳಿಯಿಂದ ಸಂಕ್ರಾಂತಿಗೆ ಮುಂದೆ ಹೋಗುತ್ತದೆ. ಹನ್ನೆರಡು ವರ್ಷಗಳಿಂದ ಸರಸ್ವತಿಪುರಂನ ಒಂದು ಕೋಣೆಯಲ್ಲಿ ಇದೇ ಕೆಲಸವನ್ನು ನಂಬಿ ಸಂಸಾರ ನಡೆಸಿಕೊಂಡು ಬಂದಿರುವ ನಾನು ಕಂಡಂತೆ, ಈ ವೃತ್ತಿಗೆ ಬಂದು ಒಂದೆರಡು ವರ್ಷದಲ್ಲೇ ಕೈಬಿಟ್ಟವರಲ್ಲಿ ಹೆಚ್ಚಿನವರಿಗೆ ಕೈಚಳಕ ಚೆನ್ನಾಗಿಯೇ ಇತ್ತು. ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಹಾಳೆಯಷ್ಟು ಕರಾರು ಬರೆದುಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಳೆದ ತಿಂಗಳು ಮದ್ದೂರಿನ ಕಡೆಯ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಸಲಹೆ ಕೇಳಲು ಬಂದಿದ್ದಳು. ಸಿಹಿತಿಂಡಿ ಅಂಗಡಿಯೊಂದಕ್ಕೆ ಆಕೆ ಲೋಗೊ ಮಾಡಿಕೊಟ್ಟಿದ್ದಳು. ಫೋಲ್ಡರ್ ತೆರೆದರೆ ಫೈನಲ್, ಫೈನಲ್ 2, ಫೈನಲ್ ಹೊಸದು, ಫೈನಲ್ ಓಕೆ ಎಂದು ಒಟ್ಟು 23 ಫೈಲುಗಳಿದ್ದವು. ಮೊದಲನೆಯದರಲ್ಲಿ ಅಂಗಡಿಯ ಹೆಸರಿನ ‘ಶ್ರೀ’ ಅಕ್ಷರದ ಕೆಳಗಿನ ರಕಾರದ ಒತ್ತನ್ನು ಜಹಾಂಗೀರಿನ ಸುರುಳಿಯಂತೆ ಸುತ್ತಿ ಬರೆದಿದ್ದಳು. ಕನ್ನಡ ಅಕ್ಷರದ ಮೈಕಟ್ಟು ಬಲ್ಲ ಕೈ ಮಾತ್ರ ಎಳೆಯಬಹುದಾದ ಗೆರೆ ಅದು. ಮಾಲೀಕರಿಗೆ ಒಮ್ಮೆ, ಅವರ ತಮ್ಮನಿಗೆ ಒಮ್ಮೆ, ಅಳಿಯನಿಗೆ ಇನ್ನೊಮ್ಮೆ ಎಂದು ‘ಒಂದ್ ಸಣ್ಣ ಚೇಂಜ್ ಅಷ್ಟೇ ಕಣಮ್ಮ’ ಎನ್ನುತ್ತಾ ಏಳು ವಾರ ತಿದ್ದಿಸಿದ ಮೇಲೆ, ಕೊನೆಯ ಫೈಲಿನಲ್ಲಿ ಆ ಸುರುಳಿಯ ಗುರುತೇ ಇರಲಿಲ್ಲ. ಕೈಗೆ ಬಂದದ್ದು 1,500 ರೂಪಾಯಿ. ‘ಸಾರ್, ನಾನು ಎಷ್ಟು ಕೇಳಬೇಕಿತ್ತು?’ ಎಂದು ಆಕೆ ಕೇಳಿದಳು.

ನಾನು ಆಕೆಯ ಎದುರಿಗೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಬಾಡಿಗೆ, ಊಟ, ಓಡಾಟ, ಮನೆಗೆ ಕಳಿಸುವುದು ಸೇರಿ ತಿಂಗಳಿಗೆ 24,000 ರೂಪಾಯಿ ಬೇಕು. 60,000 ರೂಪಾಯಿಯ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಾಳುತ್ತದೆಂದರೆ ತಿಂಗಳಿಗೆ 1,250 ಆಯಿತು. ಇಂಟರ್‌ನೆಟ್ಟಿಗೆ, ಕರೆಂಟಿಗೆ 750. ಒಟ್ಟು 26,000. ದಿನಕ್ಕೆ ಎಂಟು ಗಂಟೆಯಂತೆ 25 ದಿನ ದುಡಿದರೆ 200 ಗಂಟೆ. ಆದರೆ ಗಿರಾಕಿ ಹುಡುಕುವುದು, ಮಾತುಕತೆ, ಪ್ರೆಸ್ಸಿಗೆ ಅಲೆಯುವುದು, ಹೊಸದನ್ನು ಕಲಿಯುವುದು ಇದರಲ್ಲಿ ಅರ್ಧ ಕಳೆಯುತ್ತದೆ. ಬಿಲ್ಲಿಗೆ ಹಾಕಬಹುದಾದ 100 ಗಂಟೆಗೆ ಹಂಚಿದರೆ ಗಂಟೆಗೆ 260 ರೂಪಾಯಿ. ಇದರಲ್ಲಿ ಉಳಿತಾಯವಿಲ್ಲ, ಕಾಯಿಲೆ ಬಿದ್ದ ದಿನದ ಲೆಕ್ಕವೂ ಇಲ್ಲ. ಇಪ್ಪತ್ತು ಗಂಟೆ ಹಿಡಿಯುವ ಲೋಗೊಗೆ 5,200 ರೂಪಾಯಿಗಿಂತ ಕಡಿಮೆ ತೆಗೆದುಕೊಂಡರೆ ಆಕೆ ಕೈಯಿಂದ ದುಡ್ಡು ಹಾಕಿದಂತೆಯೇ ಸರಿ. ಏಳು ವಾರದ ತಿದ್ದುಪಡಿಗಳನ್ನೂ ಸೇರಿಸಿದರೆ ಆ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ನನಗೂ ಈ ಪಾಠ ಸುಲಭವಾಗಿ ಆಗಲಿಲ್ಲ. ಕೆಲಸ ಶುರು ಮಾಡಿದ ಎರಡನೇ ವರ್ಷ ಮೈಸೂರು ಪಾಕಿನ ಡಬ್ಬಿಗೆ ಡಿಸೈನ್ ಮಾಡಿದ್ದೆ. ಗಿರಾಕಿ ಕೊಟ್ಟ ಮ್ಯಾಟರ್ ಹಳೆಯ ನುಡಿ ಫಾಂಟಿನಲ್ಲಿತ್ತು. ಆ ಬಗೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಈಗ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಅದರದೇ ಸಂಕೇತಗಳಿವೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ‘ಶುದ್ಧ ತುಪ್ಪ’ದ ಒತ್ತುಗಳು ಬಿದ್ದುಹೋಗಿ ‘ಶುದ ತುಪ’ ಎಂದು ಉಳಿದದ್ದು ನನ್ನ ಕಣ್ಣಿಗೂ ಬೀಳಲಿಲ್ಲ, ಅವರ ಕಣ್ಣಿಗೂ ಬೀಳಲಿಲ್ಲ. ವಾಟ್ಸ್‌ಆ್ಯಪಿನಲ್ಲಿ ಪ್ರೂಫ್, ಅಂದರೆ ಅಚ್ಚಿಗೆ ಮೊದಲಿನ ಮಾದರಿ ಪ್ರತಿ, ನೋಡಿ ಅವರು ಫೋನಿನಲ್ಲೇ ‘ಚೆನ್ನಾಗಿದೆ, ಪ್ರಿಂಟಿಗೆ ಕೊಡಿ’ ಎಂದರು. 5,000 ಡಬ್ಬಿ ಅಚ್ಚಾಗಿ ಬಂದ ಮೇಲೆ, ತಾವು ಹಾಗೆ ಹೇಳಿಯೇ ಇಲ್ಲವೆಂದರು. ಬರಹದಲ್ಲಿ ಒಪ್ಪಿಗೆ ಪಡೆಯದ ತಪ್ಪಿಗೆ ಮರುಮುದ್ರಣದ 22,000 ರೂಪಾಯಿಯನ್ನು ನಾನೇ ಕಟ್ಟಿದೆ, ಆ ವರ್ಷ ತಂಗಿಯ ಕಾಲೇಜು ಫೀಸಿಗೆ ಸಾಲ ಮಾಡಬೇಕಾಯಿತು. ಅಂದಿನಿಂದ ಪ್ರೂಫಿನ ಪ್ರತಿ ಪುಟದ ಮೇಲೆ ಗಿರಾಕಿಯ ಸಹಿ ಇಲ್ಲದೆ ಯಾವ ಫೈಲನ್ನೂ ಪ್ರೆಸ್ಸಿಗೆ ಕೊಟ್ಟಿಲ್ಲ. ಫೋಟೊಶಾಪ್, ಇನ್‌ಡಿಸೈನ್‌ಗಳಲ್ಲಿ ಭಾರತೀಯ ಲಿಪಿಗಳಿಗಾಗಿ ಇರುವ ಸೆಟ್ಟಿಂಗನ್ನು ಹಾಕಿಕೊಳ್ಳದಿದ್ದರೆ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಹೋಗಿ ನಿಲ್ಲುತ್ತವೆಂಬುದನ್ನು ಹೊಸಬರು ಮೊದಲ ದಿನವೇ ತಿಳಿದಿರಬೇಕು. ಕನ್ನಡವನ್ನು ತಪ್ಪಿಲ್ಲದೆ, ಅಂದವಾಗಿ ಕೂರಿಸಬಲ್ಲ ಡಿಸೈನರ್ ನಮ್ಮ ಊರಿನ ಅಂಗಡಿಗೆ ಎಷ್ಟು ಅಗತ್ಯವೆಂಬುದು ಬೀದಿಯ ಬೋರ್ಡುಗಳನ್ನು ನೋಡಿದರೆ ಗೊತ್ತಾಗುತ್ತದೆ, ಮತ್ತು ಆ ವಿದ್ಯೆಗೆ ಬೆಲೆ ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಕರಾರೆಂದರೆ ವಕೀಲರ ಭಾಷೆಯ ಹತ್ತು ಪುಟ ಬೇಕಿಲ್ಲ. ಏನೇನು ಮಾಡಿಕೊಡುತ್ತೇನೆ, ಎಷ್ಟು ದಿನದಲ್ಲಿ, ಎಷ್ಟು ಹಣಕ್ಕೆ ಎಂಬುದು. ಅರ್ಧ ಹಣ ಮುಂಗಡ ಬಂದ ಮೇಲೆ ಕೆಲಸ ಶುರು ಎಂಬುದು. ಎರಡು ಸುತ್ತಿನ ಕರೆಕ್ಷನ್ ದರದಲ್ಲೇ ಸೇರಿದೆ, ಮೂರನೆಯದರಿಂದ ಗಂಟೆಯ ಲೆಕ್ಕ ಎಂಬುದು. ಪ್ರೂಫಿಗೆ ಒಬ್ಬರೇ ಒಪ್ಪಿಗೆ ಕೊಡಬೇಕು, ಅವರ ಹೆಸರು ಇಂಥದ್ದು ಎಂಬುದು. ಬಾಕಿ ಹಣ ಸಂದ ಮೇಲೆ ಓಪನ್ ಫೈಲ್, ಅಂದರೆ ತಿದ್ದಲು ಬರುವ ಮೂಲ ಫೈಲ್, ಕೊಡುತ್ತೇನೆ ಎಂಬುದು. ನಡುವೆ ಕೆಲಸ ನಿಲ್ಲಿಸಿದರೆ ಮುಂಗಡ ವಾಪಸ್ಸಿಲ್ಲ ಎಂಬುದು. ಇಷ್ಟನ್ನು ಸರಳ ಕನ್ನಡದಲ್ಲಿ ಬರೆದರೆ ಸಾಕು. ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಮಾನ್ಯವಾಗುವುದಿಲ್ಲವೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಹೇಳುವುದರಿಂದ, ಮುಖ ನೋಡಿ ಸಹಿ ಕೇಳಲು ಮುಜುಗರಪಡುವವರು ಇಮೇಲ್ ಕಳಿಸಿ ‘ಒಪ್ಪಿದ್ದೇನೆ’ ಎಂಬ ಉತ್ತರ ಪಡೆದರೂ ಆದೀತು.

ಡಿಸೈನಿನ ಹಕ್ಕು ಯಾರದು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಕೃತಿ ರಚಿಸಿದವರೇ ಅದರ ಮೊದಲ ಹಕ್ಕುದಾರರು. ನೌಕರಿಯಲ್ಲಿದ್ದುಕೊಂಡು ಮಾಡಿದ ಕೆಲಸಕ್ಕೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬರೆಸಿದ ವರ್ಣಚಿತ್ರಕ್ಕೆ ನಿಯಮ ಬೇರೆ. ಹಕ್ಕನ್ನು ವರ್ಗಾಯಿಸಬೇಕಾದರೆ ಅದು ಬರಹದಲ್ಲಿದ್ದು ಸಹಿ ಆಗಿರಬೇಕು, ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೇ ಕಾಯ್ದೆ ಎಣಿಸುತ್ತದೆ. ಲೋಗೊ ಮಾಡಿಸಿಕೊಂಡ ಅಂಗಡಿಯವರಿಗೂ ಇದು ಗೊತ್ತಿರಬೇಕು. ಕರಾರು ಡಿಸೈನರನ್ನು ಕಾಯುವಷ್ಟೇ ಅವರನ್ನೂ ಕಾಯುತ್ತದೆ.

ಹಣ ವಸೂಲಿಗೆ ಇರುವ ದಾರಿ ನಮ್ಮಲ್ಲಿ ಬಹಳ ಜನರಿಗೆ ತಿಳಿದೇ ಇಲ್ಲ. ಒಬ್ಬರೇ ಕೂತು ಡಿಸೈನ್ ಸೇವೆ ಕೊಡುವವರೂ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಕಿರು ಉದ್ದಿಮೆಯಾಗಿ ನೋಂದಾಯಿಸಿಕೊಳ್ಳಬಹುದು; ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಹಾಗೆ ನೋಂದಾಯಿಸಿಕೊಂಡವರಿಗೆ 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ, ಅಂದರೆ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಏನೇ ಬರೆದಿದ್ದರೂ ಗರಿಷ್ಠ 45 ದಿನದೊಳಗೆ, ದಿನ ನಿಗದಿಯಾಗಿರದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ದೂರನ್ನು ಇದೇ ಇಲಾಖೆಯ ಆನ್‌ಲೈನ್ ಪೋರ್ಟಲಿನಲ್ಲಿ ಸಲ್ಲಿಸಬಹುದು. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಆಗಿರುವುದು ಕ್ಷೇಮ. ‘ಜಿಎಸ್‌ಟಿ ನಂಬರ್ ಇಲ್ಲದ ಬಿಲ್ಲು ನಡೆಯಲ್ಲ’ ಎಂದು ಹಣ ತಡೆಹಿಡಿಯುವವರೂ ಇದ್ದಾರೆ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಕಂಪನಿಗಳು ಹಣ ಕೊಡುವಾಗಲೇ ತೆರಿಗೆಯೆಂದು ಶೇ 10ರಷ್ಟು ಟಿಡಿಎಸ್ ಹಿಡಿದು ಕೊಟ್ಟರೆ ಆ ಹಣ ಹೋಯಿತೆಂದು ಸುಮ್ಮನಾಗುವ ಹುಡುಗರನ್ನೂ ನೋಡಿದ್ದೇನೆ. ಅದು ಅವರ ಪ್ಯಾನ್ ಲೆಕ್ಕಕ್ಕೆ ಜಮೆಯಾಗಿರುತ್ತದೆ. ರಿಟರ್ನ್ಸ್ ಸಲ್ಲಿಸಿದರೆ, ತೆರಿಗೆ ಬಾಕಿ ಇಲ್ಲದವರಿಗೆ ಹಿಂದಿರುಗಿ ಬರುತ್ತದೆ.

ನಮ್ಮ ಕಡೆಯ ತಪ್ಪುಗಳನ್ನೂ ಇಲ್ಲಿ ಹೇಳಲೇಬೇಕು. ವೆಬ್‌ಸೈಟ್ ಮಾಡಿಕೊಡುವ ಕೆಲವರು ಡೊಮೇನನ್ನು, ಅಂದರೆ ಸೈಟಿನ ವಿಳಾಸವನ್ನು, ತಮ್ಮ ಹೆಸರಿನಲ್ಲೇ ನೋಂದಾಯಿಸಿಟ್ಟುಕೊಂಡು ಗಿರಾಕಿಯನ್ನು ಕಟ್ಟಿಹಾಕುತ್ತಾರೆ. ಇದು ಸರಿಯಲ್ಲ, ಡೊಮೇನ್, ಹೋಸ್ಟಿಂಗ್ (ಸೈಟನ್ನು ಇರಿಸುವ ಬಾಡಿಗೆ ಜಾಗ) ಎರಡೂ ಗಿರಾಕಿಯ ಹೆಸರಿನಲ್ಲಿ, ಅವರದೇ ಇಮೇಲಿನಲ್ಲಿ ಇರಬೇಕು. ಕದ್ದ ಸಾಫ್ಟ್‌ವೇರ್, ಕದ್ದ ಫಾಂಟು ಬಳಸಿಕೊಂಡು ನಮ್ಮ ಕೆಲಸಕ್ಕೆ ನ್ಯಾಯವಾದ ಬೆಲೆ ಕೇಳುವ ಮುಖ ನಮಗಿರುವುದಿಲ್ಲ. ದುಡ್ಡಿಲ್ಲದವರಿಗೆ ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಉಚಿತವಾಗಿ ಸಿಗುತ್ತವೆ. ಕನ್ನಡಕ್ಕೆ ನೋಟೊ, ಬಲೂ ತಮ್ಮ, ತಿರೊ ಮುಂತಾದ ಫಾಂಟುಗಳು ಮುಕ್ತ ಪರವಾನಗಿಯಲ್ಲಿವೆ, ವ್ಯಾಪಾರದ ಕೆಲಸಕ್ಕೂ ಬಳಸಬಹುದು.

ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, ಅಂದರೆ ನಮ್ಮ ಕಾವಾ ಇರುವ ಊರು ಮೈಸೂರು. ಅದಲ್ಲದೆ ಮೈಸೂರು, ಮಂಡ್ಯ ಜಿಲ್ಲೆಗಳ ಪಾಲಿಟೆಕ್ನಿಕ್ಕುಗಳಿಂದ, ಪದವಿ ಕಾಲೇಜುಗಳಿಂದ, ಕಂಪ್ಯೂಟರ್ ತರಬೇತಿ ಕೇಂದ್ರಗಳಿಂದ ಪ್ರತಿ ವರ್ಷ ಮಕ್ಕಳು ಈ ಕೆಲಸಕ್ಕೆ ಬರುತ್ತಿದ್ದಾರೆ. ಅಂತಿಮ ವರ್ಷದವರಿಗೆ ಎರಡು ದಿನ ಮೀಸಲಿಟ್ಟು, ದರ ಲೆಕ್ಕ ಹಾಕುವುದು, ಕೊಟೇಶನ್, ಕರಾರು ಮತ್ತು ಬಿಲ್ಲು ಬರೆಯುವುದನ್ನು ವೃತ್ತಿಯಲ್ಲಿರುವವರಿಂದಲೇ ಹೇಳಿಸಬೇಕೆಂದು ಈ ಸಂಸ್ಥೆಗಳ ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ. ಎರಡೂ ಜಿಲ್ಲೆಗಳ ಕೈಗಾರಿಕಾ ಕೇಂದ್ರಗಳು ತಿಂಗಳಿಗೊಂದು ದಿನವಾದರೂ ಇಂಥವರಿಗೆ ಉದ್ಯಮ್ ನೋಂದಣಿ ಮಾಡಿಸಿಕೊಟ್ಟು, ಬಾಕಿ ವಸೂಲಿಯ ದೂರು ಬರೆಯಲು ಕನ್ನಡದಲ್ಲಿ ನೆರವಾಗಲಿ. ದಸರೆಗೆ ಪೋಸ್ಟರ್ ಮಾಡಿಸುವ ಅಂಗಡಿಯವರು ಅರ್ಧ ಹಣವನ್ನು ಮೊದಲೇ ಕೊಟ್ಟು, ಉಳಿದದ್ದನ್ನು ಆಯುಧಪೂಜೆಯೊಳಗೆ ತೀರಿಸಲಿ. ನಾನು ಹತ್ತು ವರ್ಷಗಳಿಂದ ತಿದ್ದಿ ತಿದ್ದಿ ಬಳಸುತ್ತಿರುವ ಒಂದು ಪುಟದ ಕನ್ನಡ ಕರಾರು, ಪ್ರೂಫ್ ಒಪ್ಪಿಗೆಯ ನಮೂನೆ ಮತ್ತು ಬಿಲ್ಲಿನ ನಮೂನೆಯನ್ನು ಈ ಪತ್ರದೊಂದಿಗೆ ತಮ್ಮ ಕಚೇರಿಗೆ ಕಳಿಸಿದ್ದೇನೆ; ಯಾವ ಕಾಲೇಜಿನವರು ಕೇಳಿದರೂ ದಯವಿಟ್ಟು ತಲುಪಿಸಿ. ಶನಿವಾರ ಮಧ್ಯಾಹ್ನಗಳಲ್ಲಿ ಬಂದು ಪಾಠ ಮಾಡಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸ್ವತಂತ್ರ ಗ್ರಾಫಿಕ್ ಡಿಸೈನರ್,
ಸರಸ್ವತಿಪುರಂ, ಮೈಸೂರು