11 ಮನೆಯವರ ಜೊತೆ ನಿಂತ ಎಲ್ಲರಿಗೂ ವಂದನೆ

ಮಳವಳ್ಳಿ ಕಡೆಯ ನಮ್ಮ 11 ಮನೆಯ ಹೆಂಗಸರೂ ಈ ತಿಂಗಳು ಮಹಿಳಾ ಸಂಘ ಸೇರಿದರು. ವಾರದ ಉಳಿತಾಯ ಕಟ್ಟೋಕೆ ಆಗಲ್ಲ ಅಂತ ಇಷ್ಟು ವರ್ಷ ಸಂಘದ ಹತ್ತಿರವೇ ಸುಳಿಯದವರು ಇವರು. ನಮಗೆಲ್ಲ ತುಂಬಾ ಖುಷಿಯಾಗಿದೆ.

ಮೊದಲು ದುಡ್ಡು ಕೊಟ್ಟವರಿಗೆ ವಂದನೆ. ಈ ಮನೆಗಳಿಗೆ ನಮ್ಮ ಕಡೆಯ ಬಂಡೂರು ತಳಿಯ ಕುರಿ ಕೊಡಿಸೋಕೆ ಕೊಟ್ಟಿರಿ. ಆಮೇಲೆ ಒಂದು ವರ್ಷ ತಿಂಗಳು ತಿಂಗಳು ಮನೆ ಖರ್ಚಿಗೂ ಬೇಕು ಅಂದಾಗ ಬೇಸರ ಮಾಡಿಕೊಳ್ಳದೆ ಕೊಟ್ಟಿರಿ. ನನ್ನ ಪ್ರಕಾರ ಅದೇ ದೊಡ್ಡದು. ಕುರಿ ಗಬ್ಬವಾದ ಮೇಲೆ ಈಯೋಕೆ ಐದು ತಿಂಗಳು ಬೇಕು. ಮರಿ ಬೆಳೆದು ಮಾರೋಕೆ ಇನ್ನಷ್ಟು ತಿಂಗಳು. ಅಷ್ಟರಲ್ಲಿ ಕಬ್ಬು ಕಡಿಯುವ ಕೂಲಿ ನಿಂತರೆ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಮೊದಲು ಸಂತೆಗೆ ಹೋಗುವುದು ಆ ಕುರಿಯೇ ಅಲ್ವಾ? ಅನ್ನಭಾಗ್ಯದ ಅಕ್ಕಿ ಇದೆ, ನಿಜ. ಎಣ್ಣೆಗೆ, ಮಾತ್ರೆಗೆ, ಬಸ್ಸಿಲ್ಲದ ಊರಿಂದ ಆಟೋಗೆ ಕೈಯಲ್ಲಿ ಕಾಸು ಬೇಕೇ ಬೇಕು.

ಇದು ನಾವು ಕಂಡುಹಿಡಿದ ದಾರಿ ಅಲ್ಲ. ಬಾಂಗ್ಲಾದೇಶದ ಬ್ರ್ಯಾಕ್ ಅನ್ನೋ ಸೇವಾ ಸಂಸ್ಥೆ ತೀರಾ ಬಡವರಿಗಾಗಿ 2002ರಲ್ಲಿ ಶುರು ಮಾಡಿದ್ದು. ಸಾಕೋಕೆ ಪ್ರಾಣಿ, ಸ್ವಲ್ಪ ಕಾಲ ಖರ್ಚಿಗೆ ಹಣ, ತರಬೇತಿ, ಉಳಿತಾಯ, ಮನೆಗೇ ಬಂದು ವಿಚಾರಿಸುವ ಒಬ್ಬರು, ಎಲ್ಲ ಒಟ್ಟಿಗೇ ಇರಬೇಕು. ಭಾರತವೂ ಸೇರಿ ಆರು ದೇಶಗಳಲ್ಲಿ ಇದನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ನಿಂತು ಒಂದು ವರ್ಷವಾದ ಮೇಲೂ ಹೆಚ್ಚಿನ ಕಡೆ ಜನರ ಬದುಕು ಮೊದಲಿಗಿಂತ ಚೆನ್ನಾಗಿತ್ತು. ಪಶ್ಚಿಮ ಬಂಗಾಳದಲ್ಲಿ 10 ವರ್ಷದ ನಂತರವೂ ಅದರ ಫಲ ಉಳಿದಿತ್ತು. ಹೊಂಡುರಾಸ್‌ನಲ್ಲಿ ಮಾತ್ರ ಕೊಟ್ಟ ಕೋಳಿಗಳಲ್ಲಿ ಬಹಳಷ್ಟು ರೋಗ ಬಂದು ಸತ್ತವು, ಲಾಭ ಉಳಿಯಲಿಲ್ಲ.

ಅದಕ್ಕೇ ಪಶು ಆಸ್ಪತ್ರೆಯ ಡಾಕ್ಟರಿಗೆ ಎಷ್ಟು ವಂದನೆ ಹೇಳಿದರೂ ಸಾಲದು. ಮಳೆಗೆ ಮುಂಚೆಯೇ ಬಂದು ಕರುಳುಬೇನೆ ಲಸಿಕೆ ಹಾಕಿದರು. ಕುರಿಯನ್ನು ಮಂಡಿ ಮಧ್ಯೆ ಹಿಡಿದು, ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಒಳಗೆ ಕೆಂಪಗಿದ್ದರೆ ಸರಿ, ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ಜಂತು ಇರಬಹುದು, ಕೂಡಲೇ ತೋರಿಸಿ ಅಂದರು. ಈಗ ನಮ್ಮ ಹೆಂಗಸರು ಹಟ್ಟಿಯಲ್ಲಿ ದಿನಾ ರೆಪ್ಪೆ ಎಳೆದು ನೋಡುತ್ತಾರೆ.

ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದವರಿಗೆ ಬ್ಯಾಂಕ್ ಖಾತೆ ಮಾಡಿಸಿಕೊಟ್ಟ ರಿಟೈರ್ಡ್ ಮೇಷ್ಟ್ರಿಗೆ, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದು ತೀರಾ ಕಷ್ಟದ ಮನೆಗಳನ್ನು ಗುರುತಿಸಿದ ಊರವರಿಗೆ, ವಾರ ವಾರ ತಪ್ಪದೆ ಆ ಮನೆಗಳಿಗೆ ಹೋಗಿ ವಿಚಾರಿಸಿದ ಅಕ್ಕಂದಿರಿಗೆ ನಾವು ಋಣಿ.

ಇನ್ನು ಆ ಹೆಂಗಸರಿಗೆ. ಬಿಸಿಲಲ್ಲಿ ಬದುಗಳ ಮೇಲೆ ಕುರಿ ಮೇಯಿಸಿದಿರಿ. ದಲ್ಲಾಳಿ ಮನೆ ಬಾಗಿಲಿಗೆ ಬಂದರೂ ಕೊಡದೆ, ಬಕ್ರೀದ್‌ವರೆಗೆ ಕಾದು ಟಗರು ಮರಿ ಮಾರಿದಿರಿ. ನಾವು ಜೊತೆಗಿದ್ದೆವು, ದುಡಿಮೆ ಪೂರ್ತಿ ನಿಮ್ಮದು. ಪಕ್ಕದ ಊರಿನ ಮನೆಗಳಿಗೆ ನಾವೇ ಹೋಗಿ ಹೇಳಿಕೊಡ್ತೀವಿ ಅಂತ ನಿಮ್ಮಲ್ಲಿ ಮೂವರು ಮುಂದೆ ಬಂದಿದ್ದೀರಿ. ದೀಪಾವಳಿ ಕಳೆದ ಕೂಡಲೇ ಶುರು ಮಾಡೋಣ.