ಸೊಸೈಟಿಯ ಲೆಕ್ಕ ಸಿಗುತ್ತದೆ, ಪಕ್ಷದ್ದು?

ಮಾನ್ಯರೇ,

ಕಳೆದ ಸೆಪ್ಟೆಂಬರಿನಲ್ಲಿ ಶಿರಸಿ ಸಮೀಪದ ನಮ್ಮೂರ ಸೊಸೈಟಿಯ ಸರ್ವಸಾಧಾರಣ ಸಭೆಯಲ್ಲಿ ಅಡಿಕೆ ಬೆಳೆಗಾರರೊಬ್ಬರು ಅಢಾವೆ ಪತ್ರಿಕೆ ಹಿಡಿದು ಎದ್ದುನಿಂತು, ಸಭಾ ಖರ್ಚು ಹಿಂದಿನ ವರ್ಷಕ್ಕಿಂತ ಏಕೆ ಏರಿತೆಂದು ಕೇಳಿದರು. ಕಾರ್ಯದರ್ಶಿಯವರು ಚಹಾ, ಅವಲಕ್ಕಿಯ ಬಿಲ್ಲುಗಳನ್ನು ತರಿಸಿ ಉತ್ತರಿಸಬೇಕಾಯಿತು. ನಮ್ಮ ಸೀಮೆಯಲ್ಲಿ ಇದೇನೂ ಹೊಸತಲ್ಲ. ಅದೇ ಬೆಳೆಗಾರರು ತಾವು ಮತ ಹಾಕಿದ ಪಕ್ಷದ ಜಿಲ್ಲಾ ಘಟಕಕ್ಕೆ ಹೋಗಿ, ಹಣ ಯಾರಿಂದ ಬಂತೆಂದು ಕೇಳಿದರೆ ಉತ್ತರ ಸಿಕ್ಕೀತೇ?

ಕೇಂದ್ರ ಮಾಹಿತಿ ಆಯೋಗವು 2013ರ ಜೂನ್ 3ರಂದೇ ಆರು ರಾಷ್ಟ್ರೀಯ ಪಕ್ಷಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಸಾರ್ವಜನಿಕ ಪ್ರಾಧಿಕಾರಗಳೆಂದು, ಅಂದರೆ ನಾಗರಿಕರು ಕೇಳಿದ ಮಾಹಿತಿ ಕೊಡಬೇಕಾದ ಸಂಸ್ಥೆಗಳೆಂದು, ಸಾರಿತ್ತು. ಆದಾಯ ತೆರಿಗೆ ವಿನಾಯಿತಿ, ದಿಲ್ಲಿಯಲ್ಲಿ ರಿಯಾಯಿತಿ ದರದ ಜಾಗ, ಆಕಾಶವಾಣಿ ಮತ್ತು ದೂರದರ್ಶನದಲ್ಲಿ ಉಚಿತ ಪ್ರಸಾರದ ಸಮಯ ಇವೆಲ್ಲ ಸಾರ್ವಜನಿಕರ ಹಣದಿಂದ ಸಿಗುವ ನೆರವೇ ಎಂಬುದು ಅದರ ವಾದ. ಪಕ್ಷಗಳು ಆದೇಶವನ್ನು ಪಾಲಿಸಲಿಲ್ಲ. 2015ರ ಮಾರ್ಚ್‌ನಲ್ಲಿ ಆಯೋಗವೇ, ಪಾಲಿಸುವಂತೆ ಮಾಡುವ ಅಧಿಕಾರ ತನಗಿಲ್ಲವೆಂದು ಕೈಚೆಲ್ಲಿತು. ಬೇರೆ ವಿಷಯಗಳಲ್ಲಿ ಒಂದಾಗದ ಪಕ್ಷಗಳು ಇದೊಂದರಲ್ಲಿ ಒಂದಾದವು.

ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು, ಹೆಸರು ಬಯಲಾಗದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಬಳಕೆಯಾಗುತ್ತಿದ್ದ ಚುನಾವಣಾ ಬಾಂಡ್‌ಗಳನ್ನು ರದ್ದುಪಡಿಸಿದ ಬಳಿಕ ಎಲ್ಲವೂ ಬಯಲಾಯಿತೆಂದು ಹಲವರು ತಿಳಿದಿದ್ದಾರೆ. ಆದರೆ ಬಯಲಾದದ್ದು ಬಾಂಡ್‌ಗಳ ವಿವರ ಮಾತ್ರ. ಒಬ್ಬರಿಂದ ನಗದಾಗಿ ಪಡೆಯಬಹುದಾದ ದೇಣಿಗೆಯನ್ನು 2017ರಲ್ಲಿ 2,000 ರೂಪಾಯಿಗೆ ಇಳಿಸಿದರೂ, ಚುನಾವಣಾ ಆಯೋಗಕ್ಕೆ ದಾನಿಯ ಹೆಸರು ಕೊಡಬೇಕಾದುದು ದೇಣಿಗೆ 20,000 ರೂಪಾಯಿ ಮೀರಿದಾಗಲೇ. ಅದಕ್ಕಿಂತ ಕೆಳಗಿನದೆಲ್ಲ ಹೆಸರಿಲ್ಲದ ಮೊತ್ತವಾಗಿ ಒಟ್ಟುಗೂಡುತ್ತದೆ. ಖರ್ಚಿನ ಕಡೆಯೂ ಹೀಗೆಯೇ: ವಿಧಾನಸಭೆಯ ಅಭ್ಯರ್ಥಿಗೆ 40 ಲಕ್ಷ ರೂಪಾಯಿ ಮಿತಿಯಿದೆ, ಫಲಿತಾಂಶದ 30 ದಿನಗಳೊಳಗೆ ಆತ ಲೆಕ್ಕ ಸಲ್ಲಿಸಬೇಕು, ಕಾರವಾರದ ಜಿಲ್ಲಾ ಚುನಾವಣಾಧಿಕಾರಿಗಳ ಬಳಿ ಒಂದು ರೂಪಾಯಿ ಶುಲ್ಕ ಕಟ್ಟಿ ಅದನ್ನು ಯಾರು ಬೇಕಾದರೂ ನೋಡಬಹುದು. (ಘಟ್ಟ ಇಳಿದು ಹೋಗಿಬರುವ ಬಸ್ ಚಾರ್ಜೇ ಹೆಚ್ಚು.) ಪಕ್ಷದ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ.

ಎದುರಾಳಿಗಳು ಅರ್ಜಿಗಳ ಮಳೆ ಸುರಿಸಿ ಕಾಡುತ್ತಾರೆಂಬ ಪಕ್ಷಗಳ ಆತಂಕವನ್ನು ತಳ್ಳಿಹಾಕಲಾಗದು. ಅಭ್ಯರ್ಥಿ ಆಯ್ಕೆಯ ಒಳಚರ್ಚೆ ನಮಗೆ ಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯ ಪಕ್ಷ ಕಚೇರಿಗಳು ಕಾಯ್ದೆಗೆ ಕಾಯದೆ, ವರ್ಷದ ಜಮಾ ಖರ್ಚನ್ನು ದಾನಿಗಳ ಹೆಸರಿನೊಂದಿಗೆ ಕನ್ನಡದಲ್ಲಿ ಮುದ್ರಿಸಿ ಕಚೇರಿಯ ಫಲಕಕ್ಕೆ ಅಂಟಿಸಲಿ. ಬರುವ ಏಪ್ರಿಲ್‌ನಿಂದಲೇ ಇದನ್ನು ಶುರು ಮಾಡಬಹುದು.

– ಓರ್ವ ಸೊಸೈಟಿ ಸದಸ್ಯ, ಶಿರಸಿ