ಕಿಟಕಿ ಪರದೆ ಸರಿಮಾಡಿಕೊಟ್ಟ ಅಣ್ಣನಿಗೆ

ಪಕ್ಕದ ಮನೆಯ ಫ್ಯಾನ್ ರಿಪೇರಿಗೆ ಬಂದಿದ್ದ ಎಲೆಕ್ಟ್ರಿಷಿಯನ್ ಅಣ್ಣ, ಹೆಸರು ಕೇಳುವಷ್ಟರಲ್ಲಿ ಲಿಫ್ಟ್ ಹತ್ತಿಬಿಟ್ಟಿರಿ. ತುಂಬಾ ಥ್ಯಾಂಕ್ಸ್.

ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ಹಾಲ್. ಬೆಂಗಳೂರಿನ ಏಪ್ರಿಲ್ ಬಿಸಿಲು ಗೊತ್ತಲ್ವಾ? ಮಧ್ಯಾಹ್ನ ತಾನಾಗೇ ಇಳಿಯಲಿ ಅಂತ ಹಾಕಿಸಿದ ಮೋಟಾರ್ ಪರದೆ, ಹೊಸ ರೂಟರ್ ಬಂದ ಮೇಲೆ ಮಾತೇ ಕೇಳುತ್ತಿರಲಿಲ್ಲ. ಹಾಕಿಕೊಟ್ಟವರು ಮೋಟಾರೇ ಬದಲಿಸಬೇಕು ಎಂದಿದ್ದರು. ನೀವು ಮೊದಲು ನೋಡಿದ್ದು ರೂಟರನ್ನು. ರೂಟರ್ ಎರಡು ಬಗೆಯ ವೈಫೈ ಸಿಗ್ನಲ್ ಒಂದೇ ಹೆಸರಿನಲ್ಲಿ ಕೊಡುತ್ತಿತ್ತು; ಮೋಟಾರಿಗೆ 2.4 ಗಿಗಾಹರ್ಟ್ಸಿನದು ಮಾತ್ರ ಸಿಗುತ್ತದೆ, 5 ಗಿಗಾಹರ್ಟ್ಸಿನದು ಸಿಗಲ್ಲ ಎಂದು ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟಿರಿ. ಅಷ್ಟೇ!

ಆಮೇಲೆ ಸ್ಟೂಲ್ ಹತ್ತಿ ಮೋಟಾರಿನ ಪುಟ್ಟ ಬಟನ್ ಒತ್ತಿ ಹಿಡಿದಿರಿ. ಪರದೆ ಒಮ್ಮೆ ಕುಲುಕಿತು. ಕೆಳಗಿನ ಲಿಮಿಟ್, ಅಂದರೆ ಪರದೆ ಇಳಿದು ಎಲ್ಲಿ ನಿಲ್ಲಬೇಕು ಅನ್ನೋದು, ಹೊಸದಾಗಿ ಸೆಟ್ ಆಯಿತು. ಈಗ ಬಟ್ಟೆ ನೆಲದ ಮೇಲೆ ಮುದ್ದೆಯಾಗುವುದಿಲ್ಲ.

ಅಮ್ಮನಿಗೆ ಫೋನಿನ ಆಪ್ ಅಂದರೆ ತಲೆನೋವು. ಡ್ರಾಯರಿನಲ್ಲಿ ಸುಮ್ನೆ ಬಿದ್ದಿದ್ದ ರಿಮೋಟ್ ತೆಗೆದು, 'ಇದಕ್ಕೆ ಇಂಟರ್ನೆಟ್ಟೇ ಬೇಡಮ್ಮಾ' ಅಂತ ಕೈಗಿಟ್ಟಿರಿ. ಈಗ ಮನೆಯಲ್ಲಿ ಅವರದೇ ರಾಜ್ಯಭಾರ.

ದುಡ್ಡೂ ಬೇಡ, ಕಾಫಿಯೂ ಬೇಡ ಎಂದು ಹೊರಟಿರಿ. ಈ ಕಡೆ ಬಂದರೆ ಬೆಲ್ ಮಾಡಿ. ಊಟ ಮಾಡಿಸದೆ ಕಳಿಸಲ್ಲ ಅಂತ ಅಮ್ಮ ಹೇಳಿದ್ದಾರೆ.